ಶುಲ್ಕ ಯಾರದು, ಶಾಸ್ತ್ರ ಯಾರದು?

ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದುವ ಗಡಿನಾಡಿನ ವಿದ್ಯಾರ್ಥಿಯ ಮುಂದಿನ ದಾರಿ ಬಹುಕಾಲದಿಂದ ಗೊತ್ತುಪಡಿಸಿದಂತೆಯೇ ಇದೆ. ಪದವಿ, ಅನಂತರ ಎಂ.ಎ. ಅಥವಾ ಬಿ.ಎಡ್., ಅದರ ಬೆನ್ನಿಗೆ ಪಿ.ಎಸ್.ಸಿ. ರ್‍ಯಾಂಕ್ ಪಟ್ಟಿಗಾಗಿ ಕಾಯುವ ಕೆಲವು ವರ್ಷಗಳು. ಈ ದಾರಿಯನ್ನು ಹಗುರವಾಗಿ ಕಾಣಬೇಕಾಗಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ಕನ್ನಡ ಶಾಲೆಗಳು ಉಸಿರಾಡುತ್ತಿರುವುದು ಇದೇ ದಾರಿಯಲ್ಲಿ ನಡೆದುಬಂದ ಅಧ್ಯಾಪಕರಿಂದ. ಆದರೆ ದಾರಿ ಒಂದೇ ಎಂದು ನಂಬುವುದು ಬೇರೆ, ಆ ದಾರಿ ಒಳ್ಳೆಯದು ಎಂದು ಒಪ್ಪುವುದು ಬೇರೆ. ಕನ್ನಡ ಓದಿದವರು ಅರ್ಥಶಾಸ್ತ್ರವನ್ನು, ಅದೂ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಓದಲು ಹೊರಡಬಹುದೆ ಎಂಬ ಪ್ರಶ್ನೆಯನ್ನು ಈಗ ಗಂಭೀರವಾಗಿ ಕೇಳಬೇಕಾಗಿದೆ.

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಅದು ಹಣವಂತರ ಮಕ್ಕಳ ಜಾಗ, ತೋಟದ ಆದಾಯವನ್ನೋ ಬೀಡಿ ಕಟ್ಟಿದ ಕೂಲಿಯನ್ನೋ ನಂಬಿದ ಮನೆಯವರಿಗೆ ಸಲ್ಲದ ಮಾತು ಎಂಬುದು ಮೊದಲನೆಯದು. ಕನ್ನಡವನ್ನು ಬಿಟ್ಟು ಇಂಗ್ಲಿಷಿನ ಶಾಸ್ತ್ರವೊಂದರ ಹಿಂದೆ ಹೋಗುವುದು ಭಾಷೆಗೆ ಎಸಗುವ ದ್ರೋಹ ಎಂಬುದು ಎರಡನೆಯದು. ಮೊದಲ ಉತ್ತರ ಅರ್ಧ ಸತ್ಯ, ಎರಡನೆಯದು ಪೂರ್ತಿ ತಪ್ಪು. ಖಾಸಗಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಬೇಕು; ಆದರೆ ಅದರ ವೆಚ್ಚವನ್ನು ಸಾಲವಾಗಿ ಆ ಮನೆಯೊಂದರ ತಲೆಯ ಮೇಲೆ ಹೊರಿಸಬಾರದು, ಹಾಗೂ ಅಲ್ಲಿ ಕಲಿತದ್ದು ಕನ್ನಡಕ್ಕೆ ಮರಳಿ ಬರಬೇಕು. ಈ ಎರಡರಲ್ಲಿ ಯಾವುದು ತಪ್ಪಿದರೂ ಆ ಓದು ಒಬ್ಬರ ಬಡ್ತಿಯಾಗಿ ಮುಗಿಯುತ್ತದೆ.

ಈ ಶಾಸ್ತ್ರವೇ ಏಕೆ ಬೇಕು ಎಂಬುದಕ್ಕೆ ಉತ್ತರ ಗಡಿನಾಡಿನ ಅಂಗಳದಲ್ಲಿಯೇ ಹರಡಿಕೊಂಡಿದೆ. ಸುಲಿದ ಅಡಿಕೆಯನ್ನು ಹೊಸದಿರುವಾಗಲೇ ಮಾರುವುದೆ, ಇಲ್ಲವೆ ಗೋಣಿಯಲ್ಲಿ ಕಟ್ಟಿಟ್ಟು ಹಳೆ ಅಡಿಕೆಯಾದ ಮೇಲೆ ಮಾರುವುದೆ ಎಂದು ಕೃಷಿಕರು ಪ್ರತಿವರ್ಷ ಲೆಕ್ಕ ಹಾಕುತ್ತಾರೆ. ಕಾದರೆ ಬೆಲೆ ಏರಬಹುದು. ಅಷ್ಟರವರೆಗೆ ಸೊಸೈಟಿಯ ಸಾಲಕ್ಕೆ ಬಡ್ಡಿ ಏರುತ್ತಲೇ ಇರುತ್ತದೆ. ಹಣದ ಕಾಲಮೌಲ್ಯವೆಂದು ಅರ್ಥಶಾಸ್ತ್ರ ಕರೆಯುವುದು ಇದನ್ನೇ. 1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ಕುಸಿದಾಗ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. ರಾಜ್ಯಗಳ ಗಡಿ ಎರಡಾಗಿದ್ದರೂ ಮಾರುಕಟ್ಟೆ ಒಂದೇ ಎಂಬ ತಿಳಿವಳಿಕೆ ಅವರಿಗಿತ್ತು. ಆ ಸಂಸ್ಥೆಯ ಚಾಕಲೇಟ್ ಕಾರ್ಖಾನೆ 1986ರಲ್ಲಿ ಪುತ್ತೂರಿನಲ್ಲಿ ಆರಂಭವಾಯಿತು. ವ್ಯಾಪಾರಿಗಳು ಕೆಲವರೇ ಇದ್ದು ಮಾರುವವರು ಸಾವಿರಾರು ಮಂದಿ ಇರುವಲ್ಲಿ ಬೆಲೆಯನ್ನು ನಿರ್ಧರಿಸುವವರು ಯಾರು ಎಂಬ ಪಾಠಕ್ಕೆ ಇದಕ್ಕಿಂತ ಸಮೀಪದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ.

ಇನ್ನೊಂದು ಉದಾಹರಣೆ ನೋವಿನದು. ಕಾಸರಗೋಡಿನ ಸರಕಾರಿ ಗೇರುತೋಟಗಳ ಮೇಲೆ ಎರಡು ದಶಕಗಳಷ್ಟು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗೇರಿನ ಫಸಲು ಉಳಿಸಿಕೊಂಡ ಲಾಭ ತೋಟದ ಲೆಕ್ಕಪುಸ್ತಕದಲ್ಲಿ ದಾಖಲಾಯಿತು. ಎಣ್ಮಕಜೆಯಂಥ ಊರುಗಳ ಜನರು ಅನುಭವಿಸಿದ ಕಾಯಿಲೆ, ಅಂಗವೈಕಲ್ಯ, ದುಡಿಯಲಾಗದ ದಿನಗಳು, ಮಗುವಿನ ಆರೈಕೆಗಾಗಿ ಕೆಲಸ ಬಿಟ್ಟ ತಾಯಿಯ ಕೂಲಿ, ಇವು ಯಾವ ಲೆಕ್ಕಪುಸ್ತಕದಲ್ಲಿಯೂ ಇರಲಿಲ್ಲ. ಒಬ್ಬರ ಉತ್ಪಾದನೆಯ ವೆಚ್ಚ ಒಪ್ಪಂದಕ್ಕೆ ಹೊರಗಿರುವ ಮತ್ತೊಬ್ಬರ ಮೇಲೆ ಬೀಳುವುದನ್ನು ಅರ್ಥಶಾಸ್ತ್ರ ಬಾಹ್ಯ ಪರಿಣಾಮವೆನ್ನುತ್ತದೆ, ಎ.ಸಿ. ಪಿಗೂ 1920ರ ತನ್ನ ಗ್ರಂಥದಲ್ಲಿಯೇ ಇದನ್ನು ವಿವರವಾಗಿ ಚರ್ಚಿಸಿದ್ದ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು ಕೇರಳ ಸರಕಾರಕ್ಕೆ ಆದೇಶಿಸಿದ್ದು 2017ರ ಜನವರಿಯಲ್ಲಿ. ಆ ಊರಿನ ಸಂಕಟವನ್ನು ಹೊರಜಗತ್ತಿಗೆ ತಿಳಿಸಿದವರಲ್ಲಿ ಮೊದಲಿಗರು ಶ್ರೀಪಡ್ರೆಯವರಂಥ ಕನ್ನಡದ ಬರಹಗಾರರು ಎಂಬುದನ್ನು ಮರೆಯಬಾರದು. ಅಂದರೆ ಸಂಗತಿಯನ್ನು ಕಂಡ ಕಣ್ಣು ಕನ್ನಡದ್ದಾಗಿತ್ತು. ಆ ನಷ್ಟವನ್ನು ಅಳೆದು ಸರಕಾರದ ಮುಂದೆ, ನ್ಯಾಯಾಲಯದ ಮುಂದೆ ಅಂಕಿಯಾಗಿ ಮಂಡಿಸುವ ವಿದ್ಯೆ ಮಾತ್ರ ಅದೇ ನೆಲದ ಮಕ್ಕಳ ಕೈಗೆ ಸಾಕಷ್ಟು ಸಿಕ್ಕಿಲ್ಲ.

ಈಗ ಆ ವಿದ್ಯೆ ಎಲ್ಲಿ ದೊರೆಯುತ್ತಿದೆ ಎಂಬುದನ್ನು ನೋಡಬೇಕು. ಕಳೆದ ಹದಿನೈದು ವರ್ಷಗಳಲ್ಲಿ ಅರ್ಥಶಾಸ್ತ್ರದ ಬೋಧನೆ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಹರಿಯಾಣದ ಸೋನಿಪತ್‌ನಲ್ಲಿ ಅಶೋಕ ವಿಶ್ವವಿದ್ಯಾಲಯ, ಬೆಂಗಳೂರಿನಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಆಂಧ್ರಪ್ರದೇಶದ ಶ್ರೀಸಿಟಿಯಲ್ಲಿ ಕ್ರಿಯಾ ವಿಶ್ವವಿದ್ಯಾಲಯ, ಹೀಗೆ ಪಟ್ಟಿ ಬೆಳೆಯುತ್ತದೆ. ಖಾಸಗಿ ವಿಶ್ವವಿದ್ಯಾಲಯಗಳನ್ನು ಬಹುಕಾಲ ದೂರವಿಟ್ಟಿದ್ದ ಕೇರಳದ ವಿಧಾನಸಭೆಯೂ 2025ರ ಮಾರ್ಚ್‌ನಲ್ಲಿ ಅವುಗಳಿಗೆ ಅವಕಾಶ ಕೊಡುವ ಮಸೂದೆಯನ್ನು ಅಂಗೀಕರಿಸಿತು. ಪ್ರತಿಯೊಂದು ಕೋರ್ಸಿನ ಶೇ. 40ರಷ್ಟು ಸೀಟುಗಳು ಕೇರಳದ ಕಾಯಂ ನಿವಾಸಿಗಳಿಗೆ ಮೀಸಲು, ಆ ಪಾಲಿನೊಳಗೆ ರಾಜ್ಯದ ಮೀಸಲಾತಿ ಕ್ರಮ ಅನ್ವಯ ಎಂದು ಅದು ಹೇಳುತ್ತದೆ. ಮಂಜೇಶ್ವರದ ಕನ್ನಡ ವಿದ್ಯಾರ್ಥಿಯೂ ಕೇರಳದ ನಿವಾಸಿಯೇ ಆದ್ದರಿಂದ ಈ ಪಾಲಿನಲ್ಲಿ ಅವರಿಗೂ ಹಕ್ಕಿದೆ. ಆದರೆ ಸೀಟಿನ ಮೀಸಲಾತಿಯೊಂದೇ ಶುಲ್ಕದ ಪ್ರಶ್ನೆಯನ್ನು ಬಗೆಹರಿಸುವುದಿಲ್ಲ.

ಶುಲ್ಕದ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಹಾಕುವುದು ಒಳ್ಳೆಯದು. ಎರಡು ವರ್ಷದ ಸ್ನಾತಕೋತ್ತರ ಓದಿಗೆ, ವಸತಿ ಮತ್ತು ಊಟ ಸೇರಿ, 10 ಲಕ್ಷ ರೂಪಾಯಿ ಸಾಲ ಮಾಡಿದರೆಂದು ಭಾವಿಸಲಾಗಲಿ. ಶೇ. 10ರ ಬಡ್ಡಿಯಲ್ಲಿ ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 13,200 ರೂಪಾಯಿ ಕಂತು ಕಟ್ಟಬೇಕು. ಒಟ್ಟು ಕಟ್ಟಿದ್ದು 15.8 ಲಕ್ಷವನ್ನು ದಾಟುತ್ತದೆ. ಓದಿನ ಅವಧಿಯಲ್ಲಿ ಬೆಳೆಯುವ ಬಡ್ಡಿ ಇದರಲ್ಲಿ ಸೇರಿಲ್ಲ. ಕೇಂದ್ರ ಸರಕಾರ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆ, ಗುಣಮಟ್ಟದ ಶ್ರೇಯಾಂಕವುಳ್ಳ ಸಂಸ್ಥೆಗಳಿಗೆ ಸೇರುವವರಿಗೆ ಆಸ್ತಿಯ ಅಡವಿಲ್ಲದೆ ಸಾಲ ದೊರೆಯುವಂತೆ ಮಾಡಿದೆ. ವಾರ್ಷಿಕ ಆದಾಯ 8 ಲಕ್ಷದೊಳಗಿರುವ ಕುಟುಂಬಗಳಿಗೆ, 10 ಲಕ್ಷದವರೆಗಿನ ಸಾಲಕ್ಕೆ, ಕಂತು ಆರಂಭವಾಗುವವರೆಗೆ ಶೇ. 3ರ ಬಡ್ಡಿ ರಿಯಾಯಿತಿಯನ್ನೂ ಕೊಡುತ್ತದೆ. ಉಪಕಾರವಾದ ಯೋಜನೆಯೇ ಹೌದು. ಆದರೂ ಸಾಲ ಸಾಲವೇ. ವಿದ್ಯಾರ್ಥಿವೇತನ ಓದನ್ನು ಹಗುರ ಮಾಡುತ್ತದೆ. ಸಾಲ ಓದಿನ ಮುಂದಿನ ಆಯ್ಕೆಯನ್ನು ಕಿರಿದುಗೊಳಿಸುತ್ತದೆ. 13,200ರ ಕಂತನ್ನು ಹೊತ್ತವರು ಊರಿಗೆ ಮರಳಿ ಅಡಿಕೆಯ ಮಾರುಕಟ್ಟೆಯನ್ನು ಅಧ್ಯಯನ ಮಾಡುತ್ತಾರೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಹೆಚ್ಚು ಸಂಬಳದ ನಗರಕ್ಕೇ ಅವರು ಹೋಗಬೇಕಾಗುತ್ತದೆ.

ಇಷ್ಟು ಹಣ ಯಾವುದಕ್ಕೆ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರಜ್ಞರಲ್ಲಿಯೇ ಎರಡು ಮತಗಳಿವೆ. ಓದು ಮನುಷ್ಯನ ದುಡಿಮೆಯ ಶಕ್ತಿಯನ್ನು ಹೆಚ್ಚಿಸುತ್ತದೆ, ಆದ್ದರಿಂದ ಅದೂ ಒಂದು ಬಂಡವಾಳ ಎಂದು ಗ್ಯಾರಿ ಬೆಕರ್ 1964ರ ಗ್ರಂಥದಲ್ಲಿ ವಾದಿಸಿದ. ಪದವಿ ಮುಖ್ಯವಾಗಿ ಒಂದು ಸೂಚನೆ, ಕಷ್ಟದ ಓದನ್ನು ಮುಗಿಸಬಲ್ಲವರು ಯಾರೆಂದು ಉದ್ಯೋಗದಾತರಿಗೆ ತೋರಿಸುವ ಗುರುತು ಎಂದು ಮೈಕೆಲ್ ಸ್ಪೆನ್ಸ್ 1973ರಲ್ಲಿ ತೋರಿಸಿಕೊಟ್ಟ. ಇಬ್ಬರಿಗೂ ಮುಂದೆ ನೊಬೆಲ್ ಪ್ರಶಸ್ತಿ ಬಂದಿತು. ಖಾಸಗಿ ವಿಶ್ವವಿದ್ಯಾಲಯದ ಶುಲ್ಕದಲ್ಲಿ ಈ ಎರಡೂ ಬೆರೆತಿವೆ. ಒಂದು ಪಾಲು ಕಲಿಕೆಯ ಬೆಲೆ, ಇನ್ನೊಂದು ಪಾಲು ಹೆಸರಿನ ಬೆಲೆ. ಕಲಿಕೆ ಮಾತ್ರ ಬೇಕಾದವರಿಗೆ ಹತ್ತಿರದಲ್ಲಿಯೇ ಬೇರೆ ಬಾಗಿಲುಗಳಿವೆ. ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರವೂ ಇದೆ, ಕನ್ನಡವೂ ಇದೆ. ಅಲ್ಲಿಯ ಶುಲ್ಕಕ್ಕೂ ದೊಡ್ಡ ಖಾಸಗಿ ಸಂಸ್ಥೆಗಳ ಶುಲ್ಕಕ್ಕೂ ಹೋಲಿಕೆಯೇ ಇಲ್ಲ. ಹಾಗಾಗಿ ಅರ್ಜಿ ಹಾಕುವ ಮುನ್ನ ವಿದ್ಯಾರ್ಥಿ ತನ್ನನ್ನೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಈ ಶುಲ್ಕದಲ್ಲಿ ಹೆಸರಿಗೆ ಸಲ್ಲುವ ಪಾಲು ಎಷ್ಟು ಎಂಬುದು. ಕುಟುಂಬದ ಆದಾಯವನ್ನು ನೋಡಿ ಶುಲ್ಕವನ್ನೂ ವಸತಿ ವೆಚ್ಚವನ್ನೂ ಭಾಗಶಃ ಇಲ್ಲವೆ ಪೂರ್ತಿ ಮನ್ನಾ ಮಾಡುವ ಅಜೀಂ ಪ್ರೇಮ್‌ಜಿಯಂಥ ವಿಶ್ವವಿದ್ಯಾಲಯಗಳೂ ಇವೆ. ಅಲ್ಲಿ ಲೆಕ್ಕವೇ ಬದಲಾಗುತ್ತದೆ. ಖಾಸಗಿ ಎಂಬ ಹೆಸರು ಕೇಳಿದೊಡನೆ ಹಿಂದೆ ಸರಿಯುವುದು ಎಷ್ಟು ತಪ್ಪೋ, ಹೆಸರು ಕೇಳಿದೊಡನೆ ಸಾಲಕ್ಕೆ ಸಹಿ ಹಾಕುವುದೂ ಅಷ್ಟೇ ತಪ್ಪು.

ಹಣವಿಲ್ಲದವರು ಖಾಸಗಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿದ್ದಕ್ಕೆ ಭಾರತದ ಅತಿ ದೊಡ್ಡ ನಿದರ್ಶನ ನೂರು ವರ್ಷಗಳಿಗೂ ಹಿಂದಿನದು. ಬಿ.ಆರ್. ಅಂಬೇಡ್ಕರ್ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯ ಸೇರಿದರು. ಅದು ಅಂದೂ ಇಂದೂ ಖಾಸಗಿ ವಿಶ್ವವಿದ್ಯಾಲಯ. ಅವರನ್ನು ಅಲ್ಲಿಗೆ ಕಳುಹಿಸಿದ್ದು ಬರೋಡ ಸಂಸ್ಥಾನದ ಬೊಕ್ಕಸ. ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ. ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರೂ ಇತ್ತು. ಆ ವೇತನದ ಅವಧಿ ಮುಗಿದಾಗ ಲಂಡನ್ನಿನ ಓದು ನಡುವೆಯೇ ನಿಂತು 1917ರಲ್ಲಿ ಅವರು ಮರಳಬೇಕಾಯಿತು. ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿ ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯರಿಂದ ಪಡೆದ ಸಾಲ, ಇವುಗಳ ಬಲದಿಂದ 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ ಓದನ್ನು ಪೂರೈಸಿದರು. ರೂಪಾಯಿಯ ಸಮಸ್ಯೆಯನ್ನು ಕುರಿತ ಅವರ ಗ್ರಂಥ 1923ರಲ್ಲಿ ಪ್ರಕಟವಾಯಿತು. ಕೇನ್ಸ್ ಒಪ್ಪಿದ್ದ ಚಿನ್ನದ ವಿನಿಮಯ ವ್ಯವಸ್ಥೆಯನ್ನು ಅದು ಪ್ರಶ್ನಿಸಿತು. ಈ ಕಥೆಯಿಂದ ತಿಳಿಯುವುದು ಪ್ರತಿಭೆಯ ಗೆಲುವೊಂದನ್ನೇ ಅಲ್ಲ. ಸಾರ್ವಜನಿಕ ಹಣ ಇರುವವರೆಗೆ ಓದು ನಡೆಯಿತು, ಅದು ನಿಂತೊಡನೆ ಓದೂ ನಿಂತಿತು. ಅಂಥ ಪ್ರತಿಭೆಯ ಓದಿಗೇ ಹೀಗಾಗಿದ್ದರೆ ಉಳಿದವರ ಪಾಡನ್ನು ಹೇಳಬೇಕಾಗಿಲ್ಲ.

ಮರಳಿದ ಅಂಬೇಡ್ಕರರು ಕಲಿತದ್ದನ್ನು ಎಲ್ಲಿ ಬಳಸಿದರೆಂಬುದೂ ಅಷ್ಟೇ ಮುಖ್ಯ. 1918ರಲ್ಲಿ ಸಣ್ಣ ಹಿಡುವಳಿಗಳ ಬಗ್ಗೆ ಬರೆದ ಲೇಖನದಲ್ಲಿ, ಹೊಲಗಳನ್ನು ಕೂಡಿಸಿ ದೊಡ್ಡದು ಮಾಡಿದ ಮಾತ್ರಕ್ಕೆ ರೈತನ ಬಡತನ ನೀಗದು, ಬಂಡವಾಳದ ಕೊರತೆ ಮತ್ತು ಭೂಮಿಯ ಮೇಲಿನ ಜನಭಾರವೇ ಮೂಲ ಎಂದು ವಾದಿಸಿದರು. 1920ರ ಜನವರಿಯಲ್ಲಿ ಮರಾಠಿಯಲ್ಲಿ ‘ಮೂಕನಾಯಕ’ ಪತ್ರಿಕೆಯನ್ನು ಆರಂಭಿಸಿದರು. 1937ರಲ್ಲಿ ಕೊಂಕಣದ ಖೋತಿ ಗೇಣಿಪದ್ಧತಿಯ ರದ್ದತಿಗಾಗಿ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದರು. ವಿದ್ಯೆ ಇಂಗ್ಲಿಷಿನಲ್ಲಿ ಬಂದಿತು. ಅದರ ಫಲವನ್ನು ಅವರು ತಮ್ಮ ಜನರ ಭಾಷೆಗೂ ಜನರ ಭೂಮಿಗೂ ತಲುಪಿಸಿದರು. ಕನ್ನಡ ಬಿಟ್ಟು ಹೋಗುವುದು ದ್ರೋಹ ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಹೋಗುವುದರಲ್ಲಿ ದ್ರೋಹವಿಲ್ಲ, ಬರಿಗೈಯಲ್ಲಿ ಮರಳುವುದರಲ್ಲಿ ನಷ್ಟವಿದೆ.

ಕನ್ನಡ ಓದಿದವರಿಗೆ ಈ ಶಾಸ್ತ್ರ ಒಗ್ಗೀತೆ ಎಂಬ ಸಂದೇಹವೊಂದು ಉಳಿಯುತ್ತದೆ. ಅಡ್ಡಿ ನಿಜವಾಗಿ ಗಣಿತದ್ದು. ಇಂದಿನ ಅರ್ಥಶಾಸ್ತ್ರದ ಪ್ರವೇಶ ಪರೀಕ್ಷೆಗಳು ಕಲನಶಾಸ್ತ್ರ, ಸಂಭವನೀಯತೆ, ಸಂಖ್ಯಾಶಾಸ್ತ್ರಗಳ ಪರಿಚಯವನ್ನು ಕೇಳುತ್ತವೆ; ಹತ್ತನೆಯ ತರಗತಿಯ ನಂತರ ಗಣಿತವನ್ನು ಬಿಟ್ಟವರಿಗೆ ಇದು ಎತ್ತರದ ಮೆಟ್ಟಿಲು. ಆದರೆ ಹತ್ತಲಾಗದ ಮೆಟ್ಟಿಲಲ್ಲ. ಮೂರಕ್ಷರದ ಗಣಗಳು ಎಂಟೇ ಏಕೆ ಎಂದು ಛಂದಸ್ಸಿನ ತರಗತಿಯಲ್ಲಿ ತಿಳಿದುಕೊಂಡವರು ಸಂಭವನೀಯತೆಯ ಹೊಸ್ತಿಲಲ್ಲಿಯೇ ನಿಂತಿದ್ದಾರೆ. ಪ್ರತಿ ಸ್ಥಾನಕ್ಕೂ ಲಘು ಅಥವಾ ಗುರು ಎಂಬ ಎರಡು ಸಾಧ್ಯತೆ. ಮೂರು ಸ್ಥಾನಕ್ಕೆ ಎರಡು ಗುಣಿಸು ಎರಡು ಗುಣಿಸು ಎರಡು. ನಾಣ್ಯವನ್ನು ಮೂರು ಬಾರಿ ಚಿಮ್ಮಿದರೆ ಬರಬಹುದಾದ ಫಲಿತಗಳ ಎಣಿಕೆಯೂ ಇದೇ. ಪ್ರಸ್ತಾರ ಹಾಕಲು ಕಲಿತ ತಾಳ್ಮೆ ಗಣಿತದ ತಾಳ್ಮೆಯಿಂದ ದೂರದ್ದಲ್ಲ.

ಸಾಹಿತ್ಯದ ಓದು ಈ ಶಾಸ್ತ್ರಕ್ಕೆ ಕೊಡುವ ಬಲವೂ ಒಂದಿದೆ. 1933ರಲ್ಲಿ ಬಂದ ಕಾರಂತರ ‘ಚೋಮನ ದುಡಿ’ಯನ್ನು ಓದಿದವರಿಗೆ, ಕಾಫಿತೋಟದ ಸಾಲ ಒಂದು ಕುಟುಂಬದ ದುಡಿಮೆಯನ್ನು ಹೇಗೆ ನುಂಗುತ್ತದೆ, ಸ್ವಂತ ಬೇಸಾಯದ ಆಸೆ ಯಾವ ಗೋಡೆಗೆ ಬಡಿದು ನಿಲ್ಲುತ್ತದೆ ಎಂಬುದು ಗೊತ್ತು. ಸಾಲವೆಂದರೆ ಬಡ್ಡಿಯ ದರ ಮತ್ತು ಅವಧಿಗಳ ಸಮೀಕರಣ ಮಾತ್ರವೆಂದು ಭಾವಿಸಿದವರಿಗಿಂತ ಇವರು ಒಂದು ಹೆಜ್ಜೆ ಮುಂದಿರುತ್ತಾರೆ. ಚೋಮನಿಗೆ ಭೂಮಿ ದೊರೆಯದಿದ್ದುದು ಬೆಲೆಯ ಕಾರಣದಿಂದಲ್ಲ, ಜಾತಿಯ ಕಾರಣದಿಂದ. ಮಾರುಕಟ್ಟೆಯ ಬಾಗಿಲು ಎಲ್ಲರಿಗೂ ಒಂದೇ ಸಮನಾಗಿ ತೆರೆದಿರುವುದಿಲ್ಲವೆಂಬುದನ್ನು ಕಾದಂಬರಿ ಓದಿದವರು ಮೊದಲೇ ಅರಿತಿರುತ್ತಾರೆ. ಅದನ್ನು ಅಂಕಿಗಳಲ್ಲಿ ಸಾಧಿಸಿ ತೋರಿಸುವ ಕ್ರಮವನ್ನು ಅವರು ಕಲಿಯಬೇಕಾಗಿದೆ.

ಮಾಡಬೇಕಾದ ಕೆಲಸಗಳು ಮೂರು ಕಡೆ ಹಂಚಿಹೋಗಿವೆ. ಮೊದಲನೆಯದು ಸರಕಾರದ್ದು. ಬರೋಡ ಸಂಸ್ಥಾನ ಒಬ್ಬರಿಗೆ ಮಾಡಿದ್ದನ್ನು ಇಂದಿನ ಸರಕಾರಗಳು ಕೆಲವರಿಗಾದರೂ ಮಾಡಲು ಸಾಧ್ಯ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಅರ್ಹತೆಯಿಂದ ಸೀಟು ಪಡೆದ ಭಾಷಾ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ, ಆದಾಯದ ಮಿತಿಯನ್ನಿಟ್ಟು, ಶುಲ್ಕವನ್ನು ಭರಿಸುವ ವಿದ್ಯಾರ್ಥಿವೇತನ ಬೇಕು. ಕೇರಳ ಸರಕಾರಕ್ಕೆ ಇದು ತನ್ನ ಪ್ರಜೆಗಳ ಬಗೆಗಿನ ಕರ್ತವ್ಯ. ಕರ್ನಾಟಕ ಸರಕಾರಕ್ಕೆ ಗಡಿನಾಡ ಕನ್ನಡಿಗರ ಬಗ್ಗೆ ಪ್ರತಿ ನವೆಂಬರ್‌ನಲ್ಲಿ ಆಡುವ ಮಾತನ್ನು ಉಳಿದ ಹನ್ನೊಂದು ತಿಂಗಳಲ್ಲಿಯೂ ಉಳಿಸಿಕೊಳ್ಳುವ ಅವಕಾಶ.

ಎರಡನೆಯದು ಕನ್ನಡ ವಿಭಾಗಗಳದ್ದು. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಕ್ರಮ ಬಂದಿದೆ. ಮುಖ್ಯ ವಿಷಯದ ಜೊತೆಗೆ ಬೇರೊಂದು ವಿಷಯವನ್ನು ಮೈನರ್ ಆಗಿ ಆಯ್ದುಕೊಳ್ಳಲು ಅದರಲ್ಲಿ ಎಡೆಯಿದೆ. ಕನ್ನಡವನ್ನು ಮುಖ್ಯವಾಗಿ ಓದುವವರು ಅರ್ಥಶಾಸ್ತ್ರವನ್ನು ಮೈನರ್ ಆಗಿ ಓದುವಂತೆ ವೇಳಾಪಟ್ಟಿಯನ್ನು ಹೊಂದಿಸುವುದು ಎರಡು ವಿಭಾಗಗಳು ಕೂಡಿ ಮಾತಾಡಿದರೆ ಆಗುವ ಕೆಲಸ. ಇದರ ಜೊತೆಗೆ ಪರಿಭಾಷೆಯ ಕೆಲಸವೂ ಇದೆ. ‘ಹಣದುಬ್ಬರ’ ಎಂಬ ಮಾತು ಪಠ್ಯಪುಸ್ತಕದಿಂದ ಹೊರಬಂದು ಪತ್ರಿಕೆಗೂ ಅಂಗಡಿಯ ಜಗಲಿಗೂ ತಲುಪಿತು. ‘ತುಷ್ಟಿಗುಣ’ ಪಠ್ಯಪುಸ್ತಕದಲ್ಲಿಯೇ ಉಳಿಯಿತು. ಒಂದು ಶಬ್ದ ಏಕೆ ಬದುಕಿತು, ಇನ್ನೊಂದು ಏಕೆ ಬದುಕಲಿಲ್ಲ ಎಂಬುದನ್ನು ವಿಚಾರಿಸಬಲ್ಲವರು, ಬಾಹ್ಯ ಪರಿಣಾಮಕ್ಕೆ ಎಣ್ಮಕಜೆಯವರ ಬಾಯಲ್ಲಿ ನಿಲ್ಲುವ ಮಾತನ್ನು ಹುಡುಕಬಲ್ಲವರು ಕನ್ನಡ ಐಚ್ಛಿಕ ವಿದ್ಯಾರ್ಥಿಗಳೇ. ಅರ್ಥಶಾಸ್ತ್ರದ ತರಗತಿಗಳಲ್ಲಿ ಈ ಕೆಲಸವನ್ನು ಮಾಡಲು ಬೇರೆ ಯಾರೂ ಇಲ್ಲ.

ಮೂರನೆಯದು ವಿದ್ಯಾರ್ಥಿಗಳದ್ದೇ. ಪದವಿಯ ಮೊದಲ ವರ್ಷದಲ್ಲಿಯೇ ಗಣಿತವನ್ನು ಮತ್ತೆ ಕೈಗೆತ್ತಿಕೊಳ್ಳಬೇಕು; ಕೊನೆಯ ವರ್ಷಕ್ಕೆ ಮುಂದೂಡಿದರೆ ತಡವಾಗುತ್ತದೆ. ದಿನಕ್ಕೆ ಒಂದು ಪುಟವಾದರೂ ಇಂಗ್ಲಿಷಿನ ಅರ್ಥಶಾಸ್ತ್ರವನ್ನು ಓದಿ, ಓದಿದ್ದನ್ನು ಕನ್ನಡದಲ್ಲಿ ನಾಲ್ಕು ವಾಕ್ಯಗಳಾಗಿ ಬರೆಯುವ ಅಭ್ಯಾಸ ಬೇಕು. ಕನ್ನಡದಲ್ಲಿ ಬರೆಯಲಾಗದ ವಾಕ್ಯ ಪೂರ್ತಿ ಅರ್ಥವಾಗಿಲ್ಲವೆಂಬ ಎಚ್ಚರ ಅದರಿಂದ ಮೂಡುತ್ತದೆ. ಸ್ವಯಂ ಜಾಲತಾಣದ ಪಾಠಗಳು ಉಚಿತವಾಗಿ ದೊರೆಯುತ್ತವೆ. ಅರ್ಜಿ ಹಾಕುವಾಗ ಶುಲ್ಕದ ಪಟ್ಟಿಯ ಜೊತೆಗೆ ಶುಲ್ಕ ಮನ್ನಾ ನಿಯಮಗಳನ್ನೂ, ಸಾಲದ ಪೂರ್ತಿ ಲೆಕ್ಕವನ್ನೂ ಮನೆಯವರ ಮುಂದೆ ಬಿಡಿಸಿಡಬೇಕು.

ಗಡಿ ಎಳೆದವರು ಜಿಲ್ಲೆಗಳನ್ನು ಎಣಿಸಿದರು, ಭಾಷೆ ಆಡುವವರನ್ನು ಎಣಿಸಿದರು. ಆ ಗಡಿಯ ಆಚೀಚೆ ಬದುಕುವುದಕ್ಕೆ ತಗಲುವ ವೆಚ್ಚವೆಷ್ಟು, ಅದನ್ನು ತೆರುತ್ತಿರುವವರು ಯಾರು ಎಂಬ ಎಣಿಕೆ ಇನ್ನೂ ಬಾಕಿಯಿದೆ. ಆ ಎಣಿಕೆಯನ್ನು ಮಾಡಲು ಬೇಕಾದ ವಿದ್ಯೆ ದುಬಾರಿಯಾದ ಕಟ್ಟಡಗಳಲ್ಲಿದ್ದರೆ ಅಲ್ಲಿಗೂ ಹೋಗಬೇಕು, ಸಾರ್ವಜನಿಕ ಹಣದ ಮೇಲಿನ ಹಕ್ಕನ್ನು ಕೇಳಿ ಪಡೆದು ಹೋಗಬೇಕು. ಅಲ್ಲಿಂದ ತಂದದ್ದನ್ನು ಅಡಿಕೆ ಸುಲಿಯುವವರಿಗೂ ಬೀಡಿ ಕಟ್ಟುವವರಿಗೂ ತಿಳಿಯುವ ಕನ್ನಡದಲ್ಲಿ ಬರೆದಾಗ ಮಾತ್ರ ಆ ಶಾಸ್ತ್ರ ಅವರದೂ ಆಗುತ್ತದೆ.